ಓಡುವ ಮಗಳಿಗೆ ಡಬ್ಬಿಯ ಅಮೈನೋ ಆಮ್ಲ ಬೇಕೇ?



ಕಳೆದ ಬೇಸಿಗೆಯಲ್ಲಿ ಒಂದು ಮಹಿಳಾ ಸಂಘದ ಊರಿಗೆ ಬರಡು ರಾಸುಗಳ ತಪಾಸಣಾ ಶಿಬಿರಕ್ಕೆ ಹೋಗಿದ್ದೆ. ಶಿಬಿರ ಮುಗಿಸಿ, ಕೈ ತೊಳೆದು ಜೀಪಿನ ಹತ್ತಿರ ಬಂದಾಗ ಸದಸ್ಯೆಯೊಬ್ಬರು ಸೆರಗಿನಲ್ಲಿ ಏನನ್ನೋ ಮುಚ್ಚಿಕೊಂಡು ಬಂದು ನಿಂತರು. ತೆಗೆದು ತೋರಿಸಿದರೆ, ಅವರ ಹಸು ಕರು ಹಾಕಿದ ಮೇಲೆ ಬಳಲಿದಾಗ ನಾನೇ ಬರೆದುಕೊಟ್ಟಿದ್ದ ಟಾನಿಕ್ ಬಾಟಲಿ. ಅರ್ಧ ಉಳಿದಿತ್ತು. ಚೀಟಿಯ ಮೇಲೆ ‘ಅಮೈನೋ ಆಮ್ಲಗಳು ಮತ್ತು ವಿಟಮಿನ್‌ಗಳು’ ಎಂದು ಬರೆದಿತ್ತು.

‘ಡಾಕ್ಟ್ರೇ, ನನ್ನ ಮಗಳು ಪೊಲೀಸ್ ಸೆಲೆಕ್ಷನ್ನಿಗೆ ಅಂತ ದಿನಾ ಓಡ್ತಾಳೆ. ಅವಳ ಜೊತೆ ಓಡೋರೆಲ್ಲ ಏನೋ ಅಮೈನೋ ಪುಡಿ ಕುಡೀತಾರಂತೆ. ಒಂದು ಡಬ್ಬಿ ತಂದುಕೊಟ್ಟೆ, ನನ್ನ ಒಂದು ಬಟವಾಡೆ ಪೂರ್ತಿ ಅದಕ್ಕೇ ಹೋಯ್ತು. ಈಗ ಖಾಲಿ ಆಗಿದೆ. ಈ ಬಾಟಲಿಯಲ್ಲೂ ಅದೇ ಅಮೈನೋ ಇದೆಯಲ್ಲ, ಇದನ್ನೇ ದಿನಾ ಎರಡು ಚಮಚ ಕೊಡಲಾ?’ ಎಂದರು.

ಬೇಡವೇ ಬೇಡ ಎಂದೆ. ಬಾಟಲಿಯನ್ನು ಅಲ್ಲೇ ಇಸಿದುಕೊಂಡೆ. ಆಮೇಲೆ ಡೇರಿಯ ಕಟ್ಟೆಯ ಮೇಲೆ ಕುಳಿತು ಮಗಳು ದಿನಾ ಏನು ತಿನ್ನುತ್ತಾಳೆ ಎಂದು ಕೇಳಿದೆ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಒಂದು ಲೋಟ ಕಪ್ಪು ಟೀ ಕುಡಿದು ಹೈಸ್ಕೂಲ್ ಮೈದಾನಕ್ಕೆ ಹೋಗುತ್ತಾಳೆ. ಬಂದ ಮೇಲೆ ಕಾಲೇಜಿನ ಬಸ್ಸಿಗೆ ಹೊತ್ತಾಗುತ್ತದೆ, ತಿಂಡಿ ಅರ್ಧಂಬರ್ಧ. ರಾತ್ರಿ ಅರ್ಧ ಮುದ್ದೆ. ಮೈ ಭಾರವಾದರೆ ಓಡಲು ಆಗುವುದಿಲ್ಲ ಎಂಬ ಹೆದರಿಕೆ. ಇತ್ತೀಚೆಗೆ 400 ಮೀಟರ್ ಓಟದ ಕೊನೆಯ ಸುತ್ತಿನಲ್ಲಿ ಉಸಿರು ಕಟ್ಟಿ, ಕಣ್ಣು ಕತ್ತಲಾಗಿ ಕೂತುಬಿಡುತ್ತಾಳಂತೆ.

‘ಮನೆಯಲ್ಲಿ ಎಷ್ಟು ಹಾಲು?’ ಎಂದೆ. ಎರಡು ಮಿಶ್ರತಳಿ ಹಸು, ಎರಡೂ ಹೊತ್ತು ಸೇರಿ 14 ಲೀಟರ್. ‘ಮನೆಗೆ ಎಷ್ಟು ಇಟ್ಟುಕೊಳ್ಳುತ್ತೀರಿ?’ ಎಂದೆ. ಅವರು ನಕ್ಕರು. ‘ಕಾಫಿಗೆ ಒಂದು ಪಾವು’ ಎಂದರು.

ಈ ಲೇಖನವನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಏಕೆಂದರೆ ಆಮೇಲೆ ಬೇರೆ ಊರುಗಳಲ್ಲೂ ಇದೇ ಪ್ರಶ್ನೆ ಬಂದಿದೆ. ಮಗ ಸೈನ್ಯದ ಭರ್ತಿಗೆ ಓಡುತ್ತಾನೆ, ಮಗಳು ಕಬಡ್ಡಿ ಆಡುತ್ತಾಳೆ, ತಮ್ಮ ಜಿಮ್ಮಿಗೆ ಹೋಗುತ್ತಾನೆ. ಎಲ್ಲರ ಮನೆಗೂ ಡಬ್ಬಿ ಬರುತ್ತಿದೆ. ದುಡ್ಡು ಮಾತ್ರ ನಿಮ್ಮ ಹಾಲಿನ ಬಟವಾಡೆಯಿಂದ ಹೋಗುತ್ತಿದೆ. ಹಾಗಾಗಿ ಆ ಡಬ್ಬಿಯಲ್ಲಿ ಏನಿದೆ, ಅದು ಯಾರಿಗೆ ಬೇಕು ಎಂಬ ಲೆಕ್ಕ ನಿಮಗೆ ಗೊತ್ತಿರಬೇಕು.

ಮೊದಲ ಮಾತು: ರಾಸಿನ ಔಷಧ ಮನುಷ್ಯರಿಗೆ ಬೇಡ

ಹಸುವಿನ ತೂಕ 350ರಿಂದ 450 ಕೆ.ಜಿ. ನಿಮ್ಮ ಮಗಳ ತೂಕ 50 ಕೆ.ಜಿ. ರಾಸಿನ ಟಾನಿಕ್, ಕ್ಯಾಲ್ಸಿಯಂ ದ್ರಾವಣ, ಲಿವರ್ ಟಾನಿಕ್, ಖನಿಜ ಮಿಶ್ರಣ ಎಲ್ಲವನ್ನೂ ರಾಸಿನ ತೂಕ, ರಾಸಿನ ಜೀರ್ಣಾಂಗ ನೋಡಿ ತಯಾರಿಸುತ್ತಾರೆ. ಚೀಟಿಯ ಮೇಲೆ ‘ಪ್ರಾಣಿಗಳಿಗೆ ಮಾತ್ರ’ ಎಂದು ಬರೆದಿರುವುದು ಸುಮ್ಮನೆ ಅಲ್ಲ. ಹೆಸರು ಒಂದೇ ಇದ್ದರೂ ಅಳತೆ ಬೇರೆ, ಜೊತೆಗೆ ಬೆರೆಸಿರುವ ವಸ್ತು ಬೇರೆ. ಉಳಿದ ಬಾಟಲಿಯನ್ನು ಮನೆಯ ಔಷಧಿಗಳ ಜೊತೆ ಇಡಬೇಡಿ. ಕೊಟ್ಟಿಗೆಯ ಗೂಡಿನಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ.

ಅಮೈನೋ ಆಮ್ಲ ಅಂದರೆ ಏನು?

ಡೇರಿಯ ಚೀಟಿಯಲ್ಲಿ ಜಿಡ್ಡು 3.5, ಎಸ್‌ಎನ್‌ಎಫ್ 8.5 ಎಂದು ಬರುತ್ತದಲ್ಲ, ಆ 8.5ರ ಒಳಗೆ ಸುಮಾರು 3.2ರಷ್ಟು ಪ್ರೋಟೀನ್ ಇದೆ. ಉಳಿದದ್ದು ಹಾಲಿನ ಸಕ್ಕರೆ ಮತ್ತು ಖನಿಜ. ಅಂದರೆ ಒಂದು ಲೀಟರ್ ಹಸುವಿನ ಹಾಲಿನಲ್ಲಿ ಸುಮಾರು 32 ಗ್ರಾಂ ಪ್ರೋಟೀನ್.

ಪ್ರೋಟೀನ್ ಅನ್ನು ಒಂದು ಮಣಿಸರ ಎಂದುಕೊಳ್ಳಿ. ಅದರ ಒಂದೊಂದು ಮಣಿಯೇ ಅಮೈನೋ ಆಮ್ಲ. ಮಣಿಗಳಲ್ಲಿ 20 ಬಗೆ. ನಾವು ಬೇಳೆ, ಹಾಲು, ಮೊಟ್ಟೆ ತಿಂದಾಗ ಹೊಟ್ಟೆ ಆ ಸರವನ್ನು ಬಿಚ್ಚಿ ಮಣಿ ಮಾಡುತ್ತದೆ. ಆ ಮಣಿಗಳನ್ನು ದೇಹ ತನಗೆ ಬೇಕಾದ ಹಾಗೆ ಮತ್ತೆ ಪೋಣಿಸಿ ಮಾಂಸಖಂಡ, ರಕ್ತ, ಚರ್ಮ, ಕೂದಲು ಮಾಡಿಕೊಳ್ಳುತ್ತದೆ.

ಈ 20ರಲ್ಲಿ 11 ಬಗೆಯನ್ನು ನಮ್ಮ ದೇಹವೇ ತಯಾರಿಸಿಕೊಳ್ಳಬಲ್ಲದು. ಉಳಿದ 9 ಬಗೆ ಊಟದಿಂದಲೇ ಬರಬೇಕು. ಒಂದು ಬಗೆ ಕಡಿಮೆಯಾದರೂ ಸರ ಪೋಣಿಸುವ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಬೇರೆ ಮಣಿ ರಾಶಿ ಬಿದ್ದಿದ್ದರೂ ಉಪಯೋಗವಿಲ್ಲ.

ಹಸುವಿಗೆ ಈ ಕಷ್ಟ ಕಡಿಮೆ. ಅದರ ಮೊದಲ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ನೀವು ಹಾಕುವ ಹುಲ್ಲು, ಹಿಂಡಿಯನ್ನು ಅವು ತಿಂದು ಬೆಳೆಯುತ್ತವೆ. ಆಮೇಲೆ ಆ ಜೀವಿಗಳೇ ಮುಂದಿನ ಹೊಟ್ಟೆಗೆ ಸಾಗಿ ಹಸುವಿಗೆ ಆಹಾರವಾಗುತ್ತವೆ. ಹಸುವಿಗೆ ಬೇಕಾದ ಅಮೈನೋ ಆಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುವುದು ಹೀಗೆ. ಒಣ ಹುಲ್ಲು ತಿಂದ ಹಸು ಒಂಬತ್ತೂ ಮಣಿ ಇರುವ ಹಾಲು ಕೊಡುವುದು ಇದೇ ಕಾರಣಕ್ಕೆ. ನಮಗೆ ಆ ಹೊಟ್ಟೆ ಇಲ್ಲ. ಆದರೆ ಆ ಹಾಲು ನಮ್ಮ ಮನೆಯಲ್ಲೇ ಇದೆ.

ಡಬ್ಬಿಯಲ್ಲಿ ಇರುವುದೇನು?

ಅಂಗಡಿಯಲ್ಲಿ ಸಿಗುವ ಡಬ್ಬಿಗಳಲ್ಲಿ ಮುಖ್ಯವಾಗಿ ಕೆಲವು ಬಗೆ ಇವೆ.

ಬಿಸಿಎಎ: ಇದು ಹುಡುಗರ ಬಾಯಲ್ಲಿ ಹೆಚ್ಚು ಕೇಳುವ ಹೆಸರು. ಇದರಲ್ಲಿ ಇರುವುದು ಲ್ಯೂಸಿನ್, ಐಸೋಲ್ಯೂಸಿನ್, ವ್ಯಾಲಿನ್ ಎಂಬ ಮೂರೇ ಅಮೈನೋ ಆಮ್ಲ. ಮಾಂಸಖಂಡ ಕಟ್ಟುವ ಕೆಲಸ ಶುರು ಮಾಡಲು ಲ್ಯೂಸಿನ್ ಮುಖ್ಯ, ಅದು ನಿಜ. ಆದರೆ ಒಂಬತ್ತು ಬಗೆ ಬೇಕಾದ ಕಡೆ ಮೂರನ್ನೇ ತಂದು ಸುರಿದರೆ ಉಳಿದ ಆರು ಎಲ್ಲಿಂದ ಬರಬೇಕು? ಗಾರೆ ಕೆಲಸದವರನ್ನು ಕರೆಸಿ, ಸಿಮೆಂಟ್ ತಂದು, ಇಟ್ಟಿಗೆಯನ್ನೇ ತರದ ಹಾಗೆ. ರಾಬರ್ಟ್ ವೂಲ್ಫ್ ಎಂಬ ವಿಜ್ಞಾನಿ 2017ರಲ್ಲಿ ಅಲ್ಲಿಯವರೆಗಿನ ಸಂಶೋಧನೆಗಳನ್ನು ಪರಿಶೀಲಿಸಿ, ಈ ಮೂರನ್ನಷ್ಟೇ ತಿನ್ನುವುದರಿಂದ ಮಾಂಸಖಂಡ ಬೆಳೆಯುತ್ತದೆ ಎಂಬ ಮಾತಿಗೆ ಆಧಾರವಿಲ್ಲ ಎಂದು ಬರೆದರು. ಊಟದಲ್ಲಿ ಪ್ರೋಟೀನ್ ಸಾಕಷ್ಟು ಇದ್ದರೆ ಈ ಮೂರೂ ಅದರಲ್ಲೇ ಬಂದಿರುತ್ತವೆ. ಒಂದು ಲೀಟರ್ ಹಾಲಿನಲ್ಲಿ ಲ್ಯೂಸಿನ್ ಒಂದೇ ಸುಮಾರು 3 ಗ್ರಾಂ ಇದೆ.

ವೇ ಪ್ರೋಟೀನ್: ಇದು ನಿಮ್ಮ ಹಾಲಿನದೇ ಮಗು. ಚೀಸ್ ಮಾಡುವಾಗ ಹಾಲು ಒಡೆದು ಗಟ್ಟಿ ಬೇರೆಯಾದ ಮೇಲೆ ಉಳಿಯುವ ಹಸಿರು-ಹಳದಿ ತಿಳಿನೀರನ್ನು ಸೋಸಿ, ಒಣಗಿಸಿ ಮಾಡಿದ ಪುಡಿ. ಒಂದು ಕಾಲದಲ್ಲಿ ಕಾರ್ಖಾನೆಗಳು ಚರಂಡಿಗೆ ಬಿಡುತ್ತಿದ್ದ ನೀರು ಅದು. ಇದರಲ್ಲಿ ಒಂಬತ್ತೂ ಬಗೆಯ ಅಮೈನೋ ಆಮ್ಲಗಳಿವೆ, ಬೇಗ ಜೀರ್ಣವಾಗುತ್ತದೆ. ಒಳ್ಳೆಯ ಪ್ರೋಟೀನೇ, ಸುಳ್ಳಲ್ಲ. ಒಂದು ಅಳತೆ ಚಮಚದಲ್ಲಿ ಸುಮಾರು 24 ಗ್ರಾಂ ಪ್ರೋಟೀನ್ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅಷ್ಟೇ ಪ್ರೋಟೀನ್ ನಿಮ್ಮ ಮುಕ್ಕಾಲು ಲೀಟರ್ ಹಾಲಿನಲ್ಲಿದೆ. ಒಂದು ಡಬ್ಬಿಯಲ್ಲಿ ಎಷ್ಟು ಚಮಚ ಎಂದು ಎಣಿಸಿ, ಬೆಲೆಯನ್ನು ಭಾಗಿಸಿ ನೋಡಿ. ಡೇರಿಯಲ್ಲಿ ಮುಕ್ಕಾಲು ಲೀಟರಿಗೆ ಎಷ್ಟು ಬರುತ್ತದೆ ಎಂದು ನಿಮಗೆ ನಾನು ಹೇಳಬೇಕಿಲ್ಲ.

ಬೀಟಾ ಅಲನಿನ್: ಇದೂ ಒಂದು ಅಮೈನೋ ಆಮ್ಲ. ಜೋರಾಗಿ ಓಡುವಾಗ ಮಾಂಸಖಂಡದಲ್ಲಿ ಹುಳಿ ಅಂಶ ಹೆಚ್ಚಿ ಕಾಲು ಉರಿಯುತ್ತದಲ್ಲ, ಅದನ್ನು ತಡೆಯುವ ಕಾರ್ನೋಸಿನ್ ಎಂಬ ವಸ್ತು ದೇಹದಲ್ಲಿ ಇದರಿಂದ ಹೆಚ್ಚುತ್ತದೆ. ಒಂದರಿಂದ ನಾಲ್ಕು ನಿಮಿಷದ ಜೋರು ಓಟಕ್ಕೆ ಸ್ವಲ್ಪ ಸಹಾಯವಾಗುತ್ತದೆ ಎಂದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ದಿನಾ ತೆಗೆದುಕೊಂಡು ಕನಿಷ್ಠ ನಾಲ್ಕು ವಾರವಾಗಬೇಕು, ಮತ್ತು ಲಾಭ ಚಿಕ್ಕದು. ಚೆನ್ನಾಗಿ ತಿಂದು, ವರ್ಷಗಟ್ಟಲೆ ತರಬೇತಿ ಪಡೆದವರಿಗೆ ಕೊನೆಯ ಒಂದೆರಡು ಸೆಕೆಂಡಿನ ಮಾತು. ತೆಗೆದುಕೊಂಡಾಗ ಮುಖ, ಕೈ ಜುಮ್ಮೆನ್ನುವುದು ಇದರಿಂದಲೇ. ಹಾಗೆ ಜುಮ್ಮೆಂದರೆ ಶಕ್ತಿ ಬಂತು ಎಂದು ಹುಡುಗರು ತಿಳಿಯುತ್ತಾರೆ. ಅದು ಶಕ್ತಿಯಲ್ಲ, ಚರ್ಮದ ನರಗಳ ಕೆರಳಿಕೆ.

ಕ್ರಿಯಾಟಿನ್: ಇದನ್ನು ನಮ್ಮ ದೇಹವೇ ಮೂರು ಅಮೈನೋ ಆಮ್ಲಗಳಿಂದ ತಯಾರಿಸುತ್ತದೆ. ಭಾರ ಎತ್ತುವುದು, ಗುಂಡು ಎಸೆಯುವುದು, ಜಿಗಿಯುವುದು ಇಂಥ ಕೆಲವೇ ಸೆಕೆಂಡುಗಳ ಕೆಲಸಕ್ಕೆ ಇದರಿಂದ ಸಹಾಯ ಇದೆ ಎಂಬುದಕ್ಕೆ ಒಳ್ಳೆಯ ಆಧಾರ ಇದೆ. ಆದರೆ ಮೈಯಲ್ಲಿ ನೀರು ಹಿಡಿದು ತೂಕ ಸ್ವಲ್ಪ ಏರುತ್ತದೆ. 1600 ಮೀಟರ್ ಓಡುವವರಿಗೆ ಇದರಿಂದ ಹೇಳಿಕೊಳ್ಳುವ ಲಾಭವಿಲ್ಲ.

ಗ್ಲುಟಮಿನ್: ಇದನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಆರೋಗ್ಯವಾಗಿರುವ ಕ್ರೀಡಾಪಟುವಿನ ಓಟ, ಬಲ ಇದರಿಂದ ಹೆಚ್ಚುವುದು ಕಂಡುಬಂದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರಲ್ಲಿ ಭಾರತೀಯರಿಗಾಗಿ 17 ಆಹಾರ ಸೂತ್ರಗಳನ್ನು ಹೊರತಂದಿತು. ಮೈ ಬೆಳೆಸಲೆಂದು ಪ್ರೋಟೀನ್ ಪುಡಿ ತಿನ್ನಬೇಡಿ, ಒಳ್ಳೆಯ ಪ್ರೋಟೀನನ್ನು ಊಟದಿಂದಲೇ ಪಡೆಯಿರಿ ಎಂಬ ಸಲಹೆ ಅದರಲ್ಲಿದೆ.

ಇದೇ ಲೆಕ್ಕವನ್ನು ಕೊಟ್ಟಿಗೆಯಲ್ಲಿ ನೀವು ದಿನಾ ಮಾಡುತ್ತೀರಿ

ರಾಸುಗಳಿಗೂ ಅಮೈನೋ ಆಮ್ಲದ ಪುಡಿ ಬರುತ್ತದೆ. ಮೆಥಿಯೋನಿನ್, ಲೈಸಿನ್ ಎಂಬ ಎರಡನ್ನು ಮೊದಲ ಹೊಟ್ಟೆಯಲ್ಲಿ ಕರಗದಂತೆ ಲೇಪನ ಮಾಡಿ ಮಾರುತ್ತಾರೆ. ದಿನಕ್ಕೆ 25-30 ಲೀಟರ್ ಕರೆಯುವ ಹಸುವಿಗೆ ಅದರಿಂದ ಪ್ರಯೋಜನ ಇದೆ. ಅಷ್ಟು ಹಾಲಿಗೆ ಬೇಕಾದ ಅಮೈನೋ ಆಮ್ಲವನ್ನು ಸೂಕ್ಷ್ಮಜೀವಿಗಳು ಒದಗಿಸಲಾರವು.

ಆದರೆ 6 ಲೀಟರ್ ಕೊಡುವ ಹಸುವಿಗೆ ಅದನ್ನು ಬರೆದುಕೊಡಿ ಎಂದು ನೀವು ಕೇಳಿದರೆ ನಾನು ಏನು ಹೇಳುತ್ತೇನೆ? ಮೊದಲು ಹಸಿರು ಮೇವು ಎಷ್ಟು ಹಾಕುತ್ತೀರಿ ಎನ್ನುತ್ತೇನೆ. ನೀರು ಬೇಕಾದಾಗೆಲ್ಲ ಸಿಗುತ್ತದೆಯೇ, ಜಂತುನಾಶಕ ಕುಡಿಸಿದ್ದೀರಾ, ಖನಿಜ ಮಿಶ್ರಣ ದಿನಾ 50 ಗ್ರಾಂ ಹಾಕುತ್ತೀರಾ ಎನ್ನುತ್ತೇನೆ. ಪಶು ಆಹಾರ ಮೈ ಪೋಷಣೆಗೆ ಒಂದೂವರೆಯಿಂದ ಎರಡು ಕೆ.ಜಿ., ಅದರ ಮೇಲೆ ಪ್ರತಿ ಲೀಟರ್ ಹಾಲಿಗೆ 400 ಗ್ರಾಂ ಕೊಡುತ್ತಿದ್ದೀರಾ ಎಂದು ಕೇಳುತ್ತೇನೆ. ಇವೆಲ್ಲ ಸರಿಯಾಗದೆ ದುಬಾರಿ ಪುಡಿ ಹಾಕಿದರೆ ಅದು ಸಗಣಿಗೆ ಹೋಗುತ್ತದೆ.

ಮಗಳಿಗೂ ಇದೇ ಲೆಕ್ಕ. ಮೈ ಪೋಷಣೆಗೆ ಇಷ್ಟು, ಓಟಕ್ಕೆ ಇಷ್ಟು. ಹಸು ಹಾಲು ಹೆಚ್ಚು ಕೊಟ್ಟಾಗ ಹಿಂಡಿ ಹೆಚ್ಚಿಸುವ ನಾವು, ಮಗಳು ಓಟ ಹೆಚ್ಚಿಸಿದಾಗ ಅವಳ ಮುದ್ದೆ ಅರ್ಧ ಆಗುವುದನ್ನು ನೋಡುತ್ತಾ ಸುಮ್ಮನಿರುತ್ತೇವೆ.

ತಟ್ಟೆಯ ಲೆಕ್ಕ

ಮಾಮೂಲಿ ಕೆಲಸ ಮಾಡುವವರಿಗೆ ದಿನಕ್ಕೆ ಪ್ರತಿ ಕೆ.ಜಿ. ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 50 ಕೆ.ಜಿ. ತೂಕದ ಹುಡುಗಿಗೆ ಇದು ಸುಮಾರು 42 ಗ್ರಾಂ. ದಿನಾ ಕಠಿಣ ಅಭ್ಯಾಸ ಮಾಡುವವರಿಗೆ ಕೆ.ಜಿ.ಗೆ 1.2ರಿಂದ 1.6 ಗ್ರಾಂ, ಅಂದರೆ 60ರಿಂದ 80 ಗ್ರಾಂ ಸಾಕು. ಡಬ್ಬಿ ಇಲ್ಲದೆ ಇದು ಆಗುತ್ತದೆಯೇ? ನಮ್ಮ ಮನೆಗಳ ಅಡುಗೆಯಲ್ಲೇ ಲೆಕ್ಕ ಹಾಕೋಣ. ಅಳತೆಗಳೆಲ್ಲ ಬೇಯಿಸುವ ಮೊದಲಿನವು, ಅಂಕಿಗಳು ಅಂದಾಜು.

• ಓಡಿ ಬಂದ ಮೇಲೆ ಕಾಲು ಲೀಟರ್ ಹಾಲು: 8 ಗ್ರಾಂ
• ತಿಂಡಿ: ಒಂದು ಹಿಡಿ, ಅಂದರೆ 30 ಗ್ರಾಂ ಕಡಲೆಕಾಯಿ ಬೀಜ ಹಾಕಿದ ಅವಲಕ್ಕಿ ಅಥವಾ ಉಪ್ಪಿಟ್ಟು: 12 ಗ್ರಾಂ
• ಮಧ್ಯಾಹ್ನ: 100 ಗ್ರಾಂ ರಾಗಿ ಹಿಟ್ಟಿನ ಮುದ್ದೆ: 7 ಗ್ರಾಂ
• 40 ಗ್ರಾಂ ಹುರುಳಿಕಾಳಿನ ಸಾರು, ಕಾಳು ಸಮೇತ: 8 ಗ್ರಾಂ
• ಸ್ವಲ್ಪ ಅನ್ನ, ಒಂದು ಬಟ್ಟಲು ಮೊಸರು: 8 ಗ್ರಾಂ
• ರಾತ್ರಿ: 100 ಗ್ರಾಂ ಅಕ್ಕಿಯ ಅನ್ನ, 30 ಗ್ರಾಂ ತೊಗರಿಬೇಳೆಯ ಸಾರು: 13 ಗ್ರಾಂ
• ಮಲಗುವ ಮುಂಚೆ ಕಾಲು ಲೀಟರ್ ಹಾಲು: 8 ಗ್ರಾಂ

ಒಟ್ಟು 64 ಗ್ರಾಂ. ಮೊಟ್ಟೆ ತಿನ್ನುವ ಮನೆಯಾದರೆ ಎರಡು ಮೊಟ್ಟೆಗೆ ಇನ್ನೂ 12 ಗ್ರಾಂ ಸೇರಿ 76 ಆಯಿತು. ತಿನ್ನದವರು ಕಡಲೆಕಾಳು, ಅವರೆಕಾಳು, ಸೋಯಾ, ಮನೆಯಲ್ಲೇ ಮಾಡಿದ ಪನ್ನೀರು ಸೇರಿಸಬಹುದು.

ಇನ್ನೊಂದು ವಿಷಯ. ರಾಗಿ, ಅಕ್ಕಿ, ಗೋಧಿಯಲ್ಲಿ ಲೈಸಿನ್ ಎಂಬ ಮಣಿ ಕಡಿಮೆ. ಬೇಳೆಕಾಳಿನಲ್ಲಿ ಲೈಸಿನ್ ಧಾರಾಳ, ಮೆಥಿಯೋನಿನ್ ಕಡಿಮೆ. ಎರಡನ್ನೂ ಒಟ್ಟಿಗೆ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಮುದ್ದೆ-ಹುರುಳಿ ಸಾರು, ಅನ್ನ-ಬೇಳೆ ಸಾರು, ಇಡ್ಲಿ, ಬಿಸಿಬೇಳೆ ಬಾತು ಎಲ್ಲ ಹೀಗೆ ಕೂಡಿದ ಊಟಗಳೇ. ಆದರೆ ಬಸಿದ ತಿಳಿ ಸಾರನ್ನಷ್ಟೇ ಬಡಿಸಿ ಕಾಳನ್ನು ಪಾತ್ರೆಯ ತಳದಲ್ಲೇ ಬಿಟ್ಟರೆ ಪ್ರೋಟೀನ್ ಬರುವುದಿಲ್ಲ. ಕಾಳು ತಟ್ಟೆಗೆ ಬೀಳಬೇಕು.

ಹಾಲು ಕುಡಿದರೆ ಹೊಟ್ಟೆ ಉಬ್ಬರ, ಭೇದಿ ಆಗುವವರು ಮೊಸರು, ಮಜ್ಜಿಗೆ ತೆಗೆದುಕೊಳ್ಳಬಹುದು. ಹಸಿ ಹಾಲು ಮಾತ್ರ ಬೇಡ. ಕರೆದ ಹಾಲಿನ ನೊರೆ ಕುಡಿದರೆ ಬಲ ಎಂದು ಕೆಲವರು ಹುಡುಗರಿಗೆ ಕೊಡುತ್ತಾರೆ. ಬ್ರುಸೆಲ್ಲೋಸಿಸ್, ಕ್ಷಯದಂಥ ರೋಗ ರಾಸಿನಿಂದ ಮನೆಯವರಿಗೆ ಬರುವುದು ಹೀಗೇ. ಕಾಯಿಸಿದರೆ ಪ್ರೋಟೀನ್ ಹಾಳಾಗುವುದಿಲ್ಲ.

ಓಟಕ್ಕೆ ಪ್ರೋಟೀನ್ ಒಂದೇ ಸಾಲದು

ಓಡುವಾಗ ಉರಿಯುವ ಸೌದೆ ಮುಖ್ಯವಾಗಿ ಪಿಷ್ಟ ಪದಾರ್ಥ. ಅದು ಬರುವುದು ಮುದ್ದೆ, ಅನ್ನ, ರೊಟ್ಟಿ, ಬಾಳೆಹಣ್ಣು, ಬೆಲ್ಲದಿಂದ. ಮುದ್ದೆ ಬಿಟ್ಟು ಪ್ರೋಟೀನ್ ಪುಡಿ ಕುಡಿದರೆ ದೇಹ ಆ ದುಬಾರಿ ಪ್ರೋಟೀನನ್ನೇ ಸೌದೆಯಾಗಿ ಉರಿಸುತ್ತದೆ. ತೇಗದ ಮರ ಕಡಿದು ಒಲೆಗೆ ಹಾಕಿದ ಹಾಗೆ. ಬೆಳಿಗ್ಗೆ ಓಡುವ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣೋ, ಒಂದು ತುಂಡು ಬೆಲ್ಲವೋ ಬಾಯಿಗೆ ಹಾಕಿಕೊಂಡರೂ ಸಾಕು. ಬಂದು ಒಂದು ಗಂಟೆಯೊಳಗೆ ಹಾಲು, ತಿಂಡಿ ಆಗಬೇಕು.

ಬೆವರಿ ಬಂದವರಿಗೆ ಹಾಲು ಇನ್ನೊಂದು ರೀತಿಯಲ್ಲೂ ಒಳ್ಳೆಯದು. 2016ರಲ್ಲಿ ಬ್ರಿಟನ್ನಿನ ಸಂಶೋಧಕರು 13 ಬಗೆಯ ಪಾನೀಯಗಳನ್ನು ಕುಡಿಸಿ, ಕುಡಿದದ್ದು ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ಅಳೆದರು. ಬರೀ ನೀರಿಗಿಂತ ಹಾಲು ಹೆಚ್ಚು ಹೊತ್ತು ಉಳಿದಿತ್ತು. ಓಆರ್‌ಎಸ್ ಸಾಲಿನಲ್ಲೇ ಹಾಲೂ ನಿಂತಿತು.

ನಿದ್ದೆಯನ್ನೂ ಮರೆಯಬೇಡಿ. ಮಾಂಸಖಂಡ ರಿಪೇರಿಯಾಗುವುದು ಮಲಗಿದಾಗ. ನಾಲ್ಕೂವರೆಗೆ ಏಳುವವಳು ಹನ್ನೊಂದಕ್ಕೆ ಮಲಗಿದರೆ ಯಾವ ಪುಡಿಯೂ ಕೆಲಸ ಮಾಡದು. ರಾತ್ರಿ ಪಾತ್ರೆ ತೊಳೆಯುವ ಕೆಲಸವನ್ನು ಮನೆಯಲ್ಲಿರುವ ಗಂಡುಮಕ್ಕಳಿಗೂ ಹಂಚಿ.

ರಕ್ತದ ಮಾತು

ಆ ತಾಯಿಯ ಮಾತಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ‘ಕಣ್ಣು ಕತ್ತಲಾಗುತ್ತದೆ’ ಎಂಬ ಮಾತು. ಹಸು ಏದುಸಿರು ಬಿಟ್ಟರೆ ನಾನು ಮೊದಲು ಕಣ್ಣಿನ ರೆಪ್ಪೆ ಮಗುಚಿ ನೋಡುತ್ತೇನೆ. ಬಿಳಿಚಿದ್ದರೆ ರಕ್ತ ಕಡಿಮೆ. ನಾನು ರಾಸುಗಳ ವೈದ್ಯ, ಮನುಷ್ಯರಿಗೆ ಔಷಧ ಬರೆಯುವ ಹಕ್ಕು ನನಗಿಲ್ಲ. ಹಾಗಾಗಿ ಮಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ ಎಂದೆ.

ಹೀಮೋಗ್ಲೋಬಿನ್ 9.1 ಬಂತು. ಹೆಣ್ಣುಮಕ್ಕಳಿಗೆ 12 ಇರಬೇಕು.

ಉಸಿರಾಡಿದ ಗಾಳಿಯ ಆಮ್ಲಜನಕವನ್ನು ಕಾಲಿನ ಮಾಂಸಖಂಡಕ್ಕೆ ಹೊತ್ತೊಯ್ಯುವುದೇ ಹೀಮೋಗ್ಲೋಬಿನ್. ಅದೇ ಕಡಿಮೆಯಿದ್ದರೆ ಯಾವ ಅಮೈನೋ ಆಮ್ಲ ಸುರಿದರೂ ಕೊನೆಯ 100 ಮೀಟರ್ ಓಡಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ 57 ಪ್ರತಿಶತ ಜನರಿಗೆ ರಕ್ತಹೀನತೆ ಇದೆ. ಇಬ್ಬರಲ್ಲಿ ಒಬ್ಬರಿಗಿಂತ ಹೆಚ್ಚು. ಆ ಮಗಳ ಒಂದು ಬಟವಾಡೆಯ ಡಬ್ಬಿ ತುಂಬಲಾರದ ಕೊರತೆಗೆ ಮದ್ದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಕಬ್ಬಿಣಾಂಶದ ಮಾತ್ರೆ.

ಇಲ್ಲಿ ಹಾಲು ಮಾರುವ ನಾವೇ ಹೇಳಬೇಕಾದ ಒಂದು ಮಾತಿದೆ. ಹಾಲಿನಲ್ಲಿ ಕಬ್ಬಿಣಾಂಶ ಬಹಳ ಕಡಿಮೆ. ಅಷ್ಟೇ ಅಲ್ಲ, ಮಾತ್ರೆಯನ್ನು ಹಾಲಿನ ಜೊತೆ ನುಂಗಿದರೆ ಹಾಲಿನ ಸುಣ್ಣದ ಅಂಶ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಟೀ, ಕಾಫಿಯೂ ಹಾಗೇ. ಮಾತ್ರೆಗೂ ಹಾಲು, ಟೀಗೂ ಮಧ್ಯೆ ಎರಡು ಗಂಟೆ ಬಿಡುವಿರಲಿ. ನಿಂಬೆಹಣ್ಣಿನ ಶರಬತ್ತಿನ ಜೊತೆ ನುಂಗಿದರೆ ಚೆನ್ನಾಗಿ ಹತ್ತುತ್ತದೆ. ಸೊಪ್ಪಿನ ಸಾರಿಗೆ, ಹುರುಳಿ ಸಾರಿಗೆ ನಿಂಬೆ ಹಿಂಡುವುದೂ ಒಳ್ಳೆಯದು. ಮುಟ್ಟಿನಲ್ಲಿ ರಕ್ತ ಹೆಚ್ಚು ಹೋಗುತ್ತಿದ್ದರೆ, ಮುಟ್ಟು ತಿಂಗಳುಗಟ್ಟಲೆ ನಿಂತರೆ ನಾಚಿಕೊಳ್ಳದೆ ವೈದ್ಯರಿಗೆ ಹೇಳಿ. ಊಟ ಬಿಟ್ಟು ಓಡುವ ಹುಡುಗಿಯರಲ್ಲಿ ಮುಟ್ಟು ನಿಲ್ಲುವುದುಂಟು. ಅದು ಮೂಳೆ ಸವೆಯುವ ಮುನ್ಸೂಚನೆ.

ಡಬ್ಬಿ ತರಲೇಬೇಕು ಎಂದಾದರೆ

ಎಲ್ಲ ಡಬ್ಬಿಯೂ ವಿಷ ಎಂದು ನಾನು ಹೇಳುತ್ತಿಲ್ಲ. ಹಾಸ್ಟೆಲ್ಲಿನಲ್ಲಿರುವ, ದಿನಕ್ಕೆರಡು ಹೊತ್ತು ಅಭ್ಯಾಸ ಮಾಡುವ, ಊಟದಿಂದ ಪ್ರೋಟೀನ್ ಪೂರೈಸಲಾಗದ ಕ್ರೀಡಾಪಟುವಿಗೆ ವೇ ಪುಡಿ ಅನುಕೂಲವೇ. ಆದರೆ ಇಷ್ಟು ನೋಡಿ.

• ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ ಗುರುತು ಮತ್ತು 14 ಅಂಕಿಯ ಪರವಾನಗಿ ಸಂಖ್ಯೆ ಇರಲಿ. ಬಿಲ್ ಕೇಳಿ ಪಡೆಯಿರಿ. ಬಿಡಿಯಾಗಿ ಕವರಿನಲ್ಲಿ ಕಟ್ಟಿಕೊಟ್ಟ ಪುಡಿ ಬೇಡ.
• ಬಿಸಿಎಎ ಒಂದನ್ನೇ ಕೊಳ್ಳುವುದು ದುಡ್ಡು ದಂಡ.
• 18 ವರ್ಷದೊಳಗಿನವರಿಗೆ, ಮೂತ್ರಪಿಂಡ, ಲಿವರ್ ತೊಂದರೆ ಇರುವವರಿಗೆ, ಬಸುರಿ, ಬಾಣಂತಿಯರಿಗೆ ವೈದ್ಯರನ್ನು ಕೇಳದೆ ಕೊಡಬೇಡಿ.
• ದೊಡ್ಡ ಮಟ್ಟದಲ್ಲಿ ಆಡುವ ಮಕ್ಕಳಿದ್ದರೆ ಇನ್ನೂ ಎಚ್ಚರ. ಕೆಲವು ಪುಡಿಗಳಲ್ಲಿ ಚೀಟಿಯಲ್ಲಿ ಹೇಳದ ನಿಷೇಧಿತ ವಸ್ತು ಬೆರೆತಿರುತ್ತದೆ. ಪರೀಕ್ಷೆಯಲ್ಲಿ ಸಿಕ್ಕಿದರೆ ಗೊತ್ತಿರಲಿಲ್ಲ ಎಂದರೆ ನಡೆಯುವುದಿಲ್ಲ.
• ಇಂಜೆಕ್ಷನ್ ಮಾತ್ರ ಯಾವ ಕಾರಣಕ್ಕೂ ಬೇಡ. ರಕ್ತದೊತ್ತಡ ಕುಸಿದ ರೋಗಿಗೆ ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ನನ್ನು ಓಟದ ದಿನ ಚುಚ್ಚಿಕೊಳ್ಳುವ ಹುಡುಗರಿದ್ದಾರೆ. ರಾಸುಗಳಿಗೆಂದು ಬರುವ ಸ್ಟಿರಾಯ್ಡನ್ನು ಚುಚ್ಚಿಕೊಳ್ಳುವವರೂ ಇದ್ದಾರೆ. ಹೃದಯ ನಿಂತು ಸಾಯಬಹುದು. ಮಗನ ಚೀಲದಲ್ಲಿ ಸಿರಿಂಜ್ ಕಂಡರೆ ಗದರುವುದಷ್ಟೇ ಸಾಲದು, ಅದೇ ದಿನ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಆ ಮಗಳು ಈಗ

ನೇಮಕಾತಿ ಇನ್ನೂ ಕರೆದಿಲ್ಲ. ಅವಳು ಓಡುತ್ತಲೇ ಇದ್ದಾಳೆ. ಮೂರು ತಿಂಗಳು ಮಾತ್ರೆ ನುಂಗಿದ ಮೇಲೆ ಹೀಮೋಗ್ಲೋಬಿನ್ 11.4ಕ್ಕೆ ಬಂದಿದೆ. ವೈದ್ಯರು ಇನ್ನೂ ಮುಂದುವರಿಸಲು ಹೇಳಿದ್ದಾರೆ. ಈಗ ಕೊನೆಯ ಸುತ್ತಿನಲ್ಲಿ ಕೂರುವುದಿಲ್ಲವಂತೆ. ರಾತ್ರಿ ಪೂರ್ತಿ ಮುದ್ದೆ ತಿನ್ನುತ್ತಾಳೆ.

ಮೊನ್ನೆ ಅದೇ ಊರಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದೆ. ತಾಯಿ ಸಿಕ್ಕರು. ‘ಡಾಕ್ಟ್ರೇ, ಈಗ ದಿನಾ ಅರ್ಧ ಲೀಟರ್ ತೆಗೆದಿಡ್ತೀನಿ’ ಎಂದರು. 14 ಲೀಟರಿನಲ್ಲಿ ಅರ್ಧ ಲೀಟರ್. ‘ಪೂರ್ತಿ ಮಗಳಿಗಾ?’ ಎಂದೆ. ‘ಹೂಂ, ಅವಳಿಗೇ’ ಎಂದರು. ‘ನಿಮಗೆ?’ ಎಂದೆ. ಸುಮ್ಮನಾದರು. ಬೆಳಿಗ್ಗೆ ಐದಕ್ಕೆ ಎದ್ದು, ಸಗಣಿ ಬಾಚಿ, ಎರಡು ಹೊತ್ತು ಹಾಲು ಕರೆದು, ತಲೆಯ ಮೇಲೆ ಮೇವಿನ ಹೊರೆ ಹೊತ್ತು ತರುವುದೂ ಕಠಿಣ ಅಭ್ಯಾಸವೇ. ಅದಕ್ಕೆ ಯಾರೂ ಡಬ್ಬಿ ತಂದುಕೊಡುವುದಿಲ್ಲ. ಅವರ ರಕ್ತ ಪರೀಕ್ಷೆಯೂ ಆಗಿರಲಿಲ್ಲ. ಮುಂದಿನ ವಾರ ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದಾರೆ.

ಸಹೋದರಿಯರೇ, ನಾಳೆ ಬೆಳಿಗ್ಗೆ ಹಾಲು ಅಳೆಯಲು ಕ್ಯಾನ್ ಎತ್ತಿಕೊಳ್ಳುವ ಮುಂಚೆ ಮನೆಯಲ್ಲಿ ಎಷ್ಟು ಜನ ಎಂದು ಎಣಿಸಿ. ತಲೆಗೆ ಒಂದು ಲೋಟದಂತೆ ತೆಗೆದಿಟ್ಟು ಉಳಿದದ್ದನ್ನು ಡೇರಿಗೆ ತನ್ನಿ. ಎಣಿಸುವಾಗ ನಿಮ್ಮನ್ನೂ ಸೇರಿಸಿಕೊಳ್ಳಿ. ಮಕ್ಕಳು ಯಾವುದಾದರೂ ಡಬ್ಬಿ ಕೇಳುತ್ತಿದ್ದರೆ ಅದರ ಚೀಟಿಯ ಫೋಟೋ ತೆಗೆದುಕೊಂಡು ಬನ್ನಿ. ಶಿಬಿರದ ದಿನ ಹಸುವಿನ ಮಾತು ಮುಗಿದ ಮೇಲೆ ಕುಳಿತು ಓದೋಣ.